ಟೇಪಿನ ಕೊನೆಯ ನಿಮಿಷ

ವಾಲ್ವ್ ರೇಡಿಯೊ ಬಿಸಿಯಾದಾಗ ಒಂದು ವಾಸನೆ ಬರುತ್ತಿತ್ತು. ಸುಟ್ಟ ಧೂಳು, ಕಾದ ಮರ, ಅದರ ಮೇಲೆ ಅಮ್ಮ ಹೊದಿಸಿದ್ದ ಕಸೂತಿ ಬಟ್ಟೆ, ಎಲ್ಲ ಬೆರೆತ ವಾಸನೆ. ಗುರುಶಾಂತಮ್ಮ ಚಿಕ್ಕವಳಿದ್ದಾಗ ಮೊದಲು ಆ ವಾಸನೆ, ಆಮೇಲೆ ದನಿ. ಅರವತ್ತಾರನೆಯ ವಯಸ್ಸಿನಲ್ಲಿ, ಹಿಂದೂಪುರದ ಕಲ್ಯಾಣ ಮಂಟಪವೊಂದರ ವೇದಿಕೆಯ ಹಿಂದಿನ ಕೋಣೆಯಲ್ಲಿ, ಅದೇ ವಾಸನೆ ಮೂಗಿಗೆ ಬಡಿಯಿತು. ನರಸಿಂಹಪ್ಪನವರ ಹಳೆಯ ಟೇಪ್ ರೆಕಾರ್ಡರ್ ಬಿಸಿಯಾಗುತ್ತಿತ್ತು.

ವಾಸನೆ ಬಂತು. ದನಿ ಬರಲಿಲ್ಲ.

"ಇಲ್ಲೇ ಇತ್ತು ಕಣಮ್ಮ," ಎಂದರು ನರಸಿಂಹಪ್ಪ. ಎಂಬತ್ತು ದಾಟಿದ ಜೀವ. ಊರಿನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದವರು. "ನಾಟ್ಕ ಮುಗಿದ್ಮೇಲೆ ಕೊನೇ ಒಂದು ನಿಮಿಷ. ನಿನ್ನೆ ಸಂಜೆ ಕೇಳಿವ್ನಿ. ಈಗ ಏನೂ ಇಲ್ಲ. ಯಾರೋ ಅಳಿಸ್ಬುಟ್ಟವ್ರೆ!"

ಗುರುಶಾಂತಮ್ಮ ಮೊದಲು ಅವರನ್ನು ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟರು.

ಆ ಕ್ಯಾಸೆಟ್ಟಿನಲ್ಲಿದ್ದದ್ದು 'ತೋಳದ ಬಂಡೆ' ಎಂಬ ನಾಟಕ. ನಲವತ್ತು ವರ್ಷದ ಹಿಂದೆ ಒಮ್ಮೆ ಪ್ರಸಾರವಾದದ್ದು. ರೇಡಿಯೊ ನಿಲಯದಲ್ಲೂ ಪ್ರತಿ ಉಳಿದಿಲ್ಲ. ನರಸಿಂಹಪ್ಪನವರ ಮನೆಯಲ್ಲಿ ರೇಡಿಯೊದಿಂದ ಹಿಡಿದಿಟ್ಟ ಇದೊಂದೇ ಉಳಿದಿತ್ತು. ಇವತ್ತಿನ ಶ್ರವ್ಯ ನಾಟಕ ಸಮ್ಮೇಳನಕ್ಕೆ ಗಡಿಯ ಎರಡೂ ಕಡೆಯಿಂದ ಜನ ಬಂದಿದ್ದರೆ ಅದಕ್ಕೆ ಈ ಕ್ಯಾಸೆಟ್ಟೇ ಕಾರಣ. ಊಟಕ್ಕೆ ಮುಂಚೆ ಎಲ್ಲರಿಗೂ ಅದನ್ನು ಕೇಳಿಸುವುದೆಂದು ನಿಗದಿಯಾಗಿತ್ತು.

ಬಾಗಿಲು ದಡಾರನೆ ತೆರೆಯಿತು. ಸಮ್ಮೇಳನದ ವ್ಯವಸ್ಥಾಪಕ ಮುರಳಿಕೃಷ್ಣ. ಹಿಂದೆಯೇ ಮೈಕ್ ಸೆಟ್ಟಿನ ಓಬುಳೇಶ್, ಹೆಗಲ ಮೇಲೆ ವೈರಿನ ಸುರುಳಿ.

"ಏಮಯ್ಯಾ ಓಬುಳೇಶು, ಏನ್ ಮಾಡ್ಬುಟ್ಟೆ? ಬೆಳಿಗ್ಗೆ ಟೆಸ್ಟ್ ಮಾಡ್ದೋನು ನೀನೇ ಅಲ್ವೇನ್ಲಾ?"

"ಪ್ಲೇ ಒತ್ತಿ ನೋಡ್ದೆ ಅಣ್ಣಾ, ಅಷ್ಟೇಯ. ದೇವುಡಿ ತೋಡು, ದೇವ್ರಾಣೆಗೂ ಕೆಂಪು ಗುಂಡಿ ಮುಟ್ಟಿಲ್ಲ."

"ಮುಟ್ದಲೆ ತಾನಾಗೇ ಅಳಿಸ್ಕೊಂತಾ? ಇನ್ಮೇಲೆ ಹಿಂದೂಪುರದಾಗೆ ಒಂದು ಮದುವೆಗೂ ನಿನ್ನ ಸೆಟ್ಟು ಬರಾಕಿಲ್ಲ. ಪೊಲೀಸ್ ಸ್ಟೇಷನ್‌ಗೂ ಹೇಳ್ತೀನಿ."

ಓಬುಳೇಶನ ಮುಖ ಕಪ್ಪಿಟ್ಟಿತು. ಅವನ ಅನ್ನ ಇದ್ದದ್ದೇ ಊರಿನ ಮಂಟಪಗಳಲ್ಲಿ. ಮುರಳಿಕೃಷ್ಣನ ಒಂದು ಮಾತು ಸಾಕಿತ್ತು.

"ಸ್ವಲ್ಪ ತಾಳಪ್ಪ," ಎಂದರು ಗುರುಶಾಂತಮ್ಮ. "ಆ ಕ್ಯಾಸೆಟ್ಟು ಇಲ್ಲಿ ಕೊಡು."

"ನೀವ್ಯಾರಮ್ಮಾ?"

"ಸೈನ್ ಹಾಕ್ಸ್ಕೊಳ್ಳಾಕೆ ಬಂದೋಳು."

* * *

ಅದು ಸುಳ್ಳಲ್ಲ. ಗುರುಶಾಂತಮ್ಮ ಕಲ್ಯಾಣದುರ್ಗದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಗಂಡ ತೀರಿಕೊಂಡ ವರ್ಷ ಅವರನ್ನು ಎತ್ತಿ ನಿಲ್ಲಿಸಿದ್ದು 'ತೋಳದ ಬಂಡೆ'. ಅದರಲ್ಲಿ ಒಬ್ಬ ಮುದಿ ಕಾವಲುಗಾರ. ಹೆಂಡತಿಯನ್ನು ಮಣ್ಣು ಮಾಡಿ ಬಂದು, ಮಾರನೆಯ ದಿನ ಎಂದಿನಂತೆ ಕೋಲು ಹಿಡಿದು ಹೊಲಕ್ಕೆ ಹೋಗುತ್ತಾನೆ. ಆ ದನಿ ಕೇಳಿದ ಮರುದಿನವೇ ಗುರುಶಾಂತಮ್ಮ ಕೆಲಸಕ್ಕೆ ಹೋಗಿದ್ದರು. ಪಾತ್ರ ರೇಡಿಯೊ ನಟ ಜಯಚಂದ್ರರದು ಎಂದು ಕಾರ್ಯಕ್ರಮ ಪತ್ರಿಕೆಯಲ್ಲಿತ್ತು. ಆ ಪಾತ್ರಕ್ಕೆ ಅವರಿಗೆ ಪ್ರಶಸ್ತಿಯೂ ಬಂತು.

ಇವತ್ತು ಮೊದಲ ಬಸ್ಸಿಗೇ ಹೊರಟಿದ್ದರು. ಪಕ್ಕದಲ್ಲಿ ಸೆಟ್ಟೂರಿನ ಕಡೆಯ ಒಬ್ಬ ಮುದುಕಿ, ಬೀರಕ್ಕ. ಹಸಿರು ಸೀರೆ, ಕಣ್ಣಿಗೆ ಪೊರೆ. ಕಂಡಕ್ಟರು ತನ್ನ ಸೀಟನ್ನೇ ಅವಳಿಗೆ ಬಿಟ್ಟು ಕೊಟ್ಟಿದ್ದ. "ನರಸಿಂಹಪ್ಪಾಂತ, ಹಿಂದೂಪುರದೋರು ಕರ್ದವ್ರೆ ಕಣಮ್ಮ. ಏನೋ ಕಿವಿಯಾಗೆ ಕೇಳೋದಂತೆ," ಎಂದಷ್ಟೇ ಹೇಳಿದ್ದಳು. ಇಬ್ಬರೂ ಒಂದೇ ಮಂಟಪದ ಮುಂದೆ ಇಳಿದರು. ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಗುರುಶಾಂತಮ್ಮ ಸೈನಿನ ಬೇಟೆಗೆ ಹೊರಟರು.

ಹಾಳೆ ಗೀಳೆ ಇಲ್ಲ. ಸೈನು ಹಾಕಿಸಿಕೊಂಡದ್ದು ತಮ್ಮ ಟ್ರಾನ್ಸಿಸ್ಟರಿನ ಚರ್ಮದ ಚೀಲದ ಮೇಲೆ. ಫೋನಿನಲ್ಲಿ ಕೇಳುವಂಥ ನಾಟಕ ಮಾಡುವ ಹುಡುಗಿ ಕೀರ್ತನಾ ಚೀಲ ನೋಡಿ ನಾಚಿ, "ಅಜ್ಜಿ, ಇಷ್ಟು ದೊಡ್ಡೋರ ಪಕ್ಕದಾಗೆ ನಾನಾ?" ಎಂದು ಮೂಲೆಯಲ್ಲಿ ಸಣ್ಣದಾಗಿ ಬರೆದಿದ್ದಳು. ಆಮೇಲೆ ತನ್ನ ಬೀಸಣಿಗೆಯನ್ನೂ ಕೊಟ್ಟು ಹೋದಳು.

ಜಯಚಂದ್ರರು ಕಾರಿನಿಂದ ಇಳಿದಾಗ ಗುರುಶಾಂತಮ್ಮ ಕಾಲು ಮುಟ್ಟಿದ್ದರು. "ಆ ಕಾವಲುಗಾರ ನನ್ನನ್ನ ಉಳಿಸ್ದ ಸಾರ್," ಎಂದಿದ್ದರು. ಅವರು ತಲೆ ಮೇಲೆ ಕೈಯಿಟ್ಟರು. ಹೆಬ್ಬೆರಳಿನ ಅಂಟುಪಟ್ಟಿಗೆ ಒಂದು ಬಿಳಿ ಕೂದಲು ಸಿಕ್ಕಿ ಚುರ್ರೆಂದಿತ್ತು. "ಸುಖವಾಗಿರಿ ತಾಯಿ. ಹಸ್ತಾಕ್ಷರ ಆಮೇಲೆ ಹಾಕಿಕೊಡುತ್ತೇನೆ." ಹಾಗೆಯೇ ಮಾಡಿದರು. ಚಹಾದ ಹೊತ್ತಿಗೆ ತಾವಾಗಿಯೇ ಕರೆದು ಹಾಕಿಕೊಟ್ಟರು. ಆಮೇಲೆ ನರಸಿಂಹಪ್ಪನವರ ಸೈನಿಗೆಂದು ಗುರುಶಾಂತಮ್ಮ ವೇದಿಕೆಯ ಹಿಂದಿನ ಕೋಣೆಗೆ ಬಂದಿದ್ದರು.

* * *

ಗುರುಶಾಂತಮ್ಮ ಕ್ಯಾಸೆಟ್ಟನ್ನು ತಿರುಗಿಸಿದರು. "ನರಸಿಂಹಪ್ಪನೋರೇ, ಇದರ ಚಿಪ್ಪು ಮುರಿದಿದ್ರಾ?"

"ಅವತ್ತೇ ಮುರಿದಿದ್ದೆ."

ಕ್ಯಾಸೆಟ್ಟಿನ ಬೆನ್ನಿನಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಚಿಪ್ಪು ಇರುತ್ತಿತ್ತು. ಜೋಪಾನ ಮಾಡಬೇಕಾದ ಕ್ಯಾಸೆಟ್ಟಾದರೆ ಅದನ್ನು ಮುರಿದು ಹಾಕುವುದು. ಆಮೇಲೆ ರೆಕಾರ್ಡಿನ ಕೆಂಪು ಗುಂಡಿ ಒತ್ತಿದರೂ ಕೆಳಗಿಳಿಯುವುದಿಲ್ಲ. ಮತ್ತೆ ಏನಾದರೂ ತುಂಬಿಸಬೇಕೆಂದರೆ ಆ ತೂತಿನ ಮೇಲೆ ಏನನ್ನಾದರೂ ಅಂಟಿಸಬೇಕು. ಆ ಕಾಲದವರಿಗೆಲ್ಲ ಇದು ಗೊತ್ತು.

ತೂತಿನ ಮೇಲೆ ಈಗ ಗಾಯಕ್ಕೆ ಹಾಕುವ ಅಂಟುಪಟ್ಟಿಯ ಒಂದು ಚೂರಿತ್ತು.

"ನೋಡಪ್ಪ ಮುರಳಿ. ಕೈತಪ್ಪಿ ಆಗಿದ್ದಲ್ಲ. ತೂತು ಮುಚ್ಚಿ, ಗುಂಡಿ ಒತ್ತಿ, ಬೇಕೂಂತ ಅಳಿಸಿರೋದು."

"ಹಂಗಾದ್ರೆ ಬೇಕೂಂತ್ಲೇ ಮಾಡವ್ನೆ!"

"ಯಾಕೆ ಮಾಡ್ತಾನೆ?"

ಮುರಳಿಕೃಷ್ಣ ವೇದಿಕೆಗೆ ಓಡಿದ. ನರಸಿಂಹಪ್ಪ ಪಿಸುಗುಟ್ಟಿದರು: "ನಂಗೆ ಅನುಮಾನ ಇವನ ಮೇಲೇಯ. ಯೂಟ್ಯೂಬಿಗೆ ಹಾಕ್ತೀನಿ ಕೊಡೂಂತ ಬಲು ಕಾಡ್ಸಿದ. ನಾನು ಕೊಡ್ಲಿಲ್ಲ."

ಗುರುಶಾಂತಮ್ಮ ತಲೆಯಾಡಿಸಿದರು. "ಬೇಕು ಅಂದೋನು ಕದೀತಾನೆ, ಅಳಿಸಾಕಿಲ್ಲ. ಅಲ್ದೆ ಬೆಳಿಗ್ಗೆಯಿಂದ ಅವನು ಮೈಕು ಬಿಟ್ಟಿದ್ದೆಲ್ಲಿ? ಕೇಳೀ ಕೇಳೀ ನಮ್ಮ ಕಿವಿ ತೂತಾತು." ಓಬುಳೇಶ್ ಆ ದುಃಖದಲ್ಲೂ ಫಕ್ಕನೆ ನಕ್ಕ.

"ಈ ಕೋಣೆಗೆ ಬೀಗ ಇತ್ತೇನಪ್ಪ?"

"ಇಲ್ಲಮ್ಮ. ನಾನು ಟೆಸ್ಟ್ ಮಾಡಿ ವೇದಿಕೆಗೆ ಹೋದೆ. ವಾಪಸ್ ಬಂದಾಗ ಫ್ಯಾನು ನಿಂತಿತ್ತು. ಕರೆಂಟು ಹೋಯ್ತೇನೋ ಅಂದ್ಕೊಂಡೆ. ನೋಡಿದ್ರೆ ಸ್ವಿಚ್ಚೇ ಆಫ್ ಆಗಿತ್ತು. ನಾನೇ ಹಾಕ್ದೆ."

ಗುರುಶಾಂತಮ್ಮ ಮೇಲೆ ನೋಡಿದರು. ಹಳೆಯ ಫ್ಯಾನು ಕಿರ್ರ್, ಕಿರ್ರ್ ಎನ್ನುತ್ತಿತ್ತು. ಮೇ ತಿಂಗಳ ಹಿಂದೂಪುರ. ಈ ಸೆಕೆಯಲ್ಲಿ ಫ್ಯಾನು ಆರಿಸುವವರು ಯಾರು?

"ಆ ಖಾಲಿ ಜಾಗ ಇನ್ನೊಂದ್ಸಲ ಹಾಕು. ದನಿ ಪೂರ್ತಿ ಕೊಡು."

ಅವರು ಸ್ಪೀಕರಿಗೆ ಕಿವಿ ಹಚ್ಚಿದರು. ಕಾವಲುಗಾರನ ಕಡೆಯ ಮಾತು ಮುಗಿಯಿತು. ಒಂದು ಚಿಟಿಕೆ ಸದ್ದು. ನಂತರ ದೂರದಲ್ಲೆಂಬಂತೆ ಕಿರ್ರ್, ಕಿರ್ರ್. ಚಪ್ಪಲಿಯ ಮೆಲ್ಲನೆಯ ಹೆಜ್ಜೆ. ಟಕ್. ಕಿರ್ರ್ ಎನ್ನುವುದು ನಿಧಾನವಾಯಿತು, ನಿಂತಿತು. ಆಮೇಲೆ ನಿಶ್ಶಬ್ದ. ಕೆಮ್ಮಿಲ್ಲ, ಬಟ್ಟೆಯ ಸರಪರವಿಲ್ಲ, ಉಸಿರು ಕೂಡ ಇಲ್ಲ.

ಗುರುಶಾಂತಮ್ಮ ಬಹಳ ಹೊತ್ತು ಕಿವಿ ತೆಗೆಯಲಿಲ್ಲ. ತೆಗೆದಾಗ ಅವರ ಮುಖ ಇಳಿದಿತ್ತು.

"ನರಸಿಂಹಪ್ಪನೋರೇ, ಆ ಕೊನೇ ನಿಮಿಷದಾಗೆ ಏನಿತ್ತು?"

ಮುದುಕರು ನೆಲ ನೋಡಿದರು. "ಈಗ ಹೇಳಿ ಏನುಪಯೋಗ? ಸಾಕ್ಷಿನೇ ಹೋಯ್ತು."

"ಆ ಹುಡುಗನ ಅನ್ನ ಹೋಗ್ತೈತೆ. ಹೇಳಿ."

* * *

ಜಯಚಂದ್ರರು ಪಕ್ಕದ ಕೋಣೆಯಲ್ಲೇ ಇದ್ದರು. ಕರೆದ ಕೂಡಲೇ ಬಂದರು. ಮುರಳಿಕೃಷ್ಣ ಓಡಿಬಂದು ಅವರಿಗೆ ಕುರ್ಚಿ ಹಾಕಿದ. ಅವರು ಕೂರಲಿಲ್ಲ.

"ಏನಾಯಿತು ತಾಯಿ?" ಅದೇ ಜೇನಿನಂಥ ದನಿ.

"ಸಾರ್, ನಿಮ್ಮ ಹೆಬ್ಬೆರಳು ತೋರಿಸ್ತೀರಾ?"

"ಅಮ್ಮಾ!" ಎಂದ ಮುರಳಿಕೃಷ್ಣ.

"ಬೆಳಿಗ್ಗೆ ತಲೆ ಮುಟ್ಟಿದಾಗ ಅಲ್ಲಿ ಪಟ್ಟಿ ಇತ್ತು. ಸೈನ್ ಹಾಕಿದಾಗ ಇರಲಿಲ್ಲ. ಪಟ್ಟಿ ಇದ್ದ ಜಾಗ ಬಿಳಿಚಿಕೊಂಡಿತ್ತು. ಆಗ ನಂಗೆ ಏನೂ ಅನಿಸಲಿಲ್ಲ. ಅದರ ಚೂರು ಈ ಕ್ಯಾಸೆಟ್ಟಿನ ಮೇಲೈತೆ."

ಜಯಚಂದ್ರರು ಬೆರಳನ್ನು ಮುಷ್ಟಿಯೊಳಗೆ ಮಡಿಚಿದರು. "ಪಟ್ಟಿ ಯಾರ ಕೈಯಲ್ಲೂ ಇರಬಹುದು."

"ಇರಬಹುದು. ಆದರೆ ಫ್ಯಾನು? ಅಳಿಸೋಕೆ ನಿಶ್ಶಬ್ದ ಬೇಕಿಲ್ಲ ಸಾರ್. ಗದ್ದಲ ತುಂಬಿದ್ರೂ ಹಳೇದು ಅಳಿಸ್ತೈತೆ. ಬೇರೆ ಯಾರೇ ಆಗ್ಲಿ, ಗುಂಡಿ ಒತ್ತಿ ಸುಮ್ಮನೆ ನಿಂತಿರ್ತಿದ್ರು. ಫ್ಯಾನು ತಿರುಗ್ತಾನೇ ಇರ್ತಿತ್ತು. ಗುಂಡಿ ಒತ್ತಿದ ಮೇಲೆ ಫ್ಯಾನಿನ ಸದ್ದು ಕೇಳಿ ಎದ್ದು ಹೋಗಿ ಆರಿಸಿದವರು, ಆಮೇಲೆ ಉಸಿರು ಬಿಗಿ ಹಿಡಿದು ನಿಂತವರು, ಬಾಳೆಲ್ಲ ಮೈಕಿನ ಮುಂದೆ ಕಳೆದವರು. ನೀವು ಬೇಕೂಂತ ಮಾಡ್ಲಿಲ್ಲ. ಕೈ ತಾನಾಗೇ ಮಾಡ್ತು."

ಫ್ಯಾನು ಕಿರ್ರೆನ್ನುತ್ತಲೇ ಇತ್ತು.

"ಕೊನೇಲಿ ಇದ್ದಿದ್ದು ಪಾತ್ರಧಾರಿಗಳ ಹೆಸರು," ಎಂದರು ಗುರುಶಾಂತಮ್ಮ. "ಕಾವಲುಗಾರನ ಪಾತ್ರದಲ್ಲಿ ಗಿರಿಯಪ್ಪ. ನಿಲಯದಲ್ಲಿ ಗಾಳಿ, ಮಳೆ, ಕುದುರೆ ಸದ್ದು ಮಾಡ್ತಿದ್ದ ಆಳು. ಪತ್ರಿಕೆ ಮೊದಲೇ ಅಚ್ಚಾಗಿತ್ತು, ಅದರಾಗೆ ನಿಮ್ಮ ಹೆಸರಿತ್ತು. ಬದಲಾದದ್ದು ರೇಡಿಯೊದಾಗೆ ಒಂದೇ ಸಲ ಹೇಳಿದ್ರು. ಆಗೆಲ್ಲ ಸೆಲ್ಲು ಉಳಿಸೋಕೆ ನಾಟಕ ಮುಗೀತಿದ್ದಂಗೆ ರೇಡಿಯೊ ಆರಿಸ್ತಿದ್ವಿ. ಯಾರೂ ಕೇಳ್ಲಿಲ್ಲ."

"ಇವ್ರಿಗೆ ಬೆಳಿಗ್ಗೆ ಮರ್ಯಾದೆಗೆ ಅಂತ ನಾನೇ ಹೇಳ್ದೆ," ಎಂದರು ನರಸಿಂಹಪ್ಪ. "ನಂಗೂ ಹೋದ ತಿಂಗಳೇ ಗೊತ್ತಾಗಿದ್ದು. ಅವತ್ತು ಗುಂಡಿ ಒತ್ತಿದ್ದು ನನ್ನ ಹೆಂಡ್ತಿ. ನಾನು ಕೊನೇವರೆಗೂ ಕೇಳೇ ಇರ್ಲಿಲ್ಲ. ಗಿರಿಯಪ್ಪನ ಹೆಂಡ್ತಿನ ಸೆಟ್ಟೂರಿಂದ ಕರ್ಸಿವ್ನಿ. ಮುಂದಿನ ಸಾಲು, ಹಸಿರು ಸೀರೆ. ಗಂಡ ಸಾಯೋಗಂಟ, ನನ್ನ ಹೆಸ್ರು ರೇಡಿಯೊದಾಗೆ ಬಂತು ಅಂತಿದ್ನಂತೆ. ಊರೆಲ್ಲ ನಗ್ತಿತ್ತಂತೆ. ಅವಳೂ ನಂಬ್ಲಿಲ್ಲ. ಇವತ್ತು ಅದನ್ನ ಕೇಳಾಕೇ ಬಂದವ್ಳೆ."

ಜಯಚಂದ್ರರು ಈಗ ಕುರ್ಚಿಯ ಬೆನ್ನು ಹಿಡಿದರು.

"ಆ ದಿನ ನನ್ನ ಗಂಟಲು ಕಟ್ಟಿತ್ತು. ಅವನು ಓದಿದ. ಪ್ರಶಸ್ತಿ ಬಂದಾಗ ಒಪ್ಪಬಾರದೆಂದೇ ಹೋಗಿದ್ದೆ. ಚಪ್ಪಾಳೆ ಬಿತ್ತು." ದನಿ ಒಡೆಯಿತು. "ನಾನು ಇನ್ನೂರು ಪಾತ್ರ ಮಾಡಿದ್ದೇನೆ ತಾಯಿ. ಒಂದೂ ಯಾರಿಗೂ ನೆನಪಿಲ್ಲ. ನಲವತ್ತು ವರ್ಷ ಬಂದವರೆಲ್ಲ ಆ ಒಂದಕ್ಕೇ ನನ್ನ ಕಾಲು ಮುಟ್ಟಿದ್ದಾರೆ. ಇವತ್ತು ಬೆಳಿಗ್ಗೆ ನೀವೂ."

ಗುರುಶಾಂತಮ್ಮನಿಗೆ ಆ ಕೃತಜ್ಞತೆಯನ್ನು ವಾಪಸು ತೆಗೆದುಕೊಳ್ಳುವುದು ಹೇಗೆಂದು ತಿಳಿಯಲಿಲ್ಲ. ಕೊಡಬೇಕಾದವನು ಮಣ್ಣಾಗಿದ್ದ.

"ವೇದಿಕೆ ಮೇಲೆ ನೀವೇ ಆ ಹೆಸರು ಹೇಳಿಬಿಡಿ ಸಾರ್. ಟೇಪು ಬೇಕಿಲ್ಲ."

ಅವರು ತಲೆಯಾಡಿಸಿದರು. ಆಗುವುದಿಲ್ಲ ಎಂದು.

ಮುರಳಿಕೃಷ್ಣ ಬೆವರು ಒರೆಸಿಕೊಂಡ. "ಬಿಡಿ ಅಮ್ಮಾ. ಸಂಜೆ ಸಾರ್‌ಗೆ ಸನ್ಮಾನ. ಎಮ್ಮೆಲ್ಲೆ ಬತ್ತಾರೆ. ಟೇಪು ಹಳೇದು, ಕೊನೇಲಿ ಹಾಳಾಗೈತೆ ಅಂದ್ರಾಯ್ತು. ಓಬುಳೇಶನ ಮೇಲೆ ನಂಗೇನೂ ಇಲ್ಲ."

"ಅವನಿಗೆ ಅಂದಿದ್ದು?"

"ಅಂದೆ, ಏನೀಗ? ನಮ್ಮ ಹುಡುಗ ತಾನೇ."

ಓಬುಳೇಶ್ ವೈರಿನ ಸುರುಳಿ ಎತ್ತಿಕೊಂಡ. "ಗಿರಿಯಪ್ಪ, ಸೆಟ್ಟೂರು. ಅಷ್ಟೇ ಅಲ್ವೇನಮ್ಮ?" ಎಂದು ಕೇಳಿ ಹೊರಟುಹೋದ.

* * *

ನಾಟಕ ನಡೆಯಿತು. ಇಡೀ ಸಭೆ ಕಣ್ಣು ಮುಚ್ಚಿ ಕೇಳಿತು. ಕಾವಲುಗಾರ ಕೋಲು ಹಿಡಿದು ಹೊಲಕ್ಕೆ ಹೊರಟಾಗ ಹಲವರು ಕಣ್ಣೊರೆಸಿಕೊಂಡರು. ಬೀರಕ್ಕ ಅಲುಗಾಡದೆ ಕೂತಿದ್ದಳು. ಗುರುಶಾಂತಮ್ಮ ಅವಳ ಕೈ ಹಿಡಿದಿದ್ದರು.

ಕಡೆಯ ಮಾತು ಮುಗಿಯಿತು. ಚಪ್ಪಾಳೆ. ಯಾರೋ "ಎಲೆ ಹಾಕವ್ರೆ" ಎಂದರು. ಕುರ್ಚಿಗಳು ಗರಗರ ಸರಿದವು. ಆ ಗದ್ದಲದ ನಡುವೆ ಓಬುಳೇಶನ ಒರಟು ದನಿ ಮೈಕಿನಲ್ಲಿ ಬಂತು: "ಕಾವಲುಗಾರನ ಪಾತ್ರದಲ್ಲಿ ಗಿರಿಯಪ್ಪ. ಸೆಟ್ಟೂರು." ಒಬ್ಬರೂ ತಿರುಗಲಿಲ್ಲ. ಬಾಗಿಲ ಬಳಿ ನೂಕುನುಗ್ಗಲು ಶುರುವಾಗಿತ್ತು.

"ಹೇಳಿದ್ರಾ?" ಎಂದಳು ಬೀರಕ್ಕ. "ನಂಗೆ ಸರಿಯಾಗಿ ಕೇಳ್ಲಿಲ್ಲ ಕಣಮ್ಮ. ಹೇಳಿದ್ರಾ?"

"ಹೇಳಿದ್ರು."

"ಆಯಪ್ಪ ಸುಳ್ಳು ಹೇಳ್ತಿರ್ಲಿಲ್ಲ ಹಂಗಾದ್ರೆ." ಸೆರಗು ಬಾಯಿಗೆ ಹೋಯಿತು. "ನಾನೇ ಬಾಯಿ ಮುಚ್ಕೋ ಅಂತಿದ್ದೆ."

ಮಂಟಪ ಖಾಲಿಯಾಯಿತು. ಅವಳು ಊಟಕ್ಕೆ ಏಳಲಿಲ್ಲ. ಏಳಿಸಲು ಗುರುಶಾಂತಮ್ಮನಿಗೂ ಮನಸ್ಸು ಬರಲಿಲ್ಲ.

ಹಿಂದಿನ ಬಾಗಿಲಿನಿಂದ ಯಾರೋ ಬಂದರು. ಜಯಚಂದ್ರರು. ಕೈಯಲ್ಲಿ ಅಡಿಕೆ ಹಾಳೆಯ ತಟ್ಟೆ. ಚಿತ್ರಾನ್ನ, ಒಬ್ಬಟ್ಟು, ಒಬ್ಬಟ್ಟಿನ ಮೇಲೆ ತುಪ್ಪ. ಅತಿಥಿಗಳ ಪಂಕ್ತಿಯಿಂದ ತಂದದ್ದು. ಅವರು ಬಗ್ಗಿ ತಟ್ಟೆಯನ್ನು ಬೀರಕ್ಕನ ಮಡಿಲಲ್ಲಿಟ್ಟರು. ಪೊರೆ ಬಂದ ಕಣ್ಣು ಮೇಲೆತ್ತಿ ಅವಳು ನೋಡಿದಳು. ಬಡಿಸುವವರಲ್ಲಿ ಒಬ್ಬನೆಂದುಕೊಂಡಳು.

"ತಣ್ಣಗಿರಪ್ಪ. ನೀನು ಉಂಡ್ಯಾ?"

ಜಯಚಂದ್ರರು ಜಾರುತ್ತಿದ್ದ ತಟ್ಟೆಯನ್ನು ಅವಳ ಎರಡೂ ಕೈಗೆ ಸರಿಯಾಗಿ ಹಿಡಿಸಿ, ಸದ್ದಾಗದಂತೆ ನಡೆದು ಹೋದರು.