ಕಳೆದುಹೋದ ನಲವತ್ತೆರಡು

ಸೋಮವಾರ ಸಂಜೆ ಎಣಿಕೆಗಾರ್ತಿ ಬಾಗಿಲು ತಟ್ಟಿದಾಗ ಚಿಕ್ಕಮ್ಮ ಒಂದು ಹಳೆಯ ಕೋಟಿಗೆ ಗುಂಡಿ ಹೊಲಿಯುತ್ತಾ ಕೂತಿದ್ದರು. ಬಾಗಿಲು ತೆರೆದವನು ಅವರ ಅಕ್ಕನ ಮಗ. ಅವನು ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟರ್; ಎಲ್ಲರೂ ಅವನನ್ನು ಕರೆಯುತ್ತಿದ್ದದ್ದೂ ಹಾಗೆಯೇ. ಅದೇ ಕಂಪನಿಯಲ್ಲಿ ಇಪ್ಪತ್ತಾರು ವರ್ಷ ದುಡಿದು ನಿವೃತ್ತರಾಗಿದ್ದ ಚಿಕ್ಕಮ್ಮನ ಮನೆಯಲ್ಲೇ ಅವನ ವಾಸ. ಕಚೇರಿಯಲ್ಲಿ ಏನಾದರೂ ಎಡವಟ್ಟಾದರೆ ಜನ ಈಗಲೂ ಈ ಮನೆ ಹುಡುಕಿಕೊಂಡು ಬರುತ್ತಿದ್ದರು. ಕಾಣೆಯಾದ ಬ್ಯಾಕಪ್ ಡಿಸ್ಕು, ಸೋರಿಹೋದ ಪಾಸ್‌ವರ್ಡು, ಎರಡರ ಜಾಡನ್ನೂ ಹಿಡಿದದ್ದು ಚಿಕ್ಕಮ್ಮನ ತಲೆ. ಓಡಾಡಿದ್ದು ಟೆಸ್ಟರನ ಕಾಲು.

"ಮೇಡಂ, ನನ್ನ ಕೆಲಸ ಹೋಗುತ್ತೆ," ಎಂದಳು ಎಣಿಕೆಗಾರ್ತಿ, ಕೂರುವ ಮೊದಲೇ.

"ಮೊದಲು ಕೂತ್ಕೋ, ನೀರು ಕುಡಿ. ಆಮೇಲೆ ಹೋಗ್ಲಿ," ಎಂದರು ಚಿಕ್ಕಮ್ಮ.

ಅವಳು ಚಿಕ್ಕಮ್ಮನ ಕೈಯಲ್ಲೇ ಪಳಗಿದವಳು. ಒಂದು ಸಾಫ್ಟ್‌ವೇರ್ ಬಳಸುವವರಿಗೆ ಏನೇನು ಮಾಡಿಕೊಡುತ್ತದೆ, ಎಷ್ಟು ಸ್ಕ್ರೀನು, ಎಷ್ಟು ವರದಿ, ಎಷ್ಟು ದಾಖಲೆಗಳ ಕಟ್ಟು ಎಂದು ಎಣಿಸಿ, ಒಂದೊಂದಕ್ಕೂ ಇಷ್ಟು ಪಾಯಿಂಟ್ ಎಂದು ಹಾಕಿ, ಕೆಲಸದ ಗಾತ್ರ ಹೇಳುವುದು ಅವಳ ಉದ್ಯೋಗ. ಇದಕ್ಕೆ ಫಂಕ್ಷನ್ ಪಾಯಿಂಟ್ ಎಣಿಕೆ ಎನ್ನುತ್ತಾರೆ. ಆ ಗಾತ್ರದ ಮೇಲೆಯೇ ಕೆಲಸಕ್ಕೆ ಎಷ್ಟು ವಾರ ಎಂಬುದು ತೀರ್ಮಾನವಾಗುತ್ತದೆ.

ಈ ಸಲ ಅವಳ ಪಾಲಿಗೆ ಬಂದದ್ದು ಒಂದು ರಕ್ತನಿಧಿಯ ಸಾಫ್ಟ್‌ವೇರ್. ಅದನ್ನು ಹೊಸದಾಗಿ ಕಟ್ಟುವುದಲ್ಲ, ಇರುವುದನ್ನೇ ಸುಧಾರಿಸುವುದು. ಅಪರೂಪದ ಗುಂಪಿನ ದಾನಿಗಳನ್ನು ಹುಡುಕುವ ಹೊಸ ಭಾಗಕ್ಕೆ ಮೂವತ್ತನಾಲ್ಕು ಪಾಯಿಂಟ್, ಬದಲಾಯಿಸಬೇಕಾದ ಹಳೆಯ ಸ್ಕ್ರೀನುಗಳಿಗೆ ಇಪ್ಪತ್ತೇಳು, ಕಿತ್ತುಹಾಕಬೇಕಾದವಕ್ಕೆ ಇಪ್ಪತ್ತೊಂದು. ಒಟ್ಟು ಎಂಬತ್ತೆರಡು, ಅಂದರೆ ಹನ್ನೆರಡು ವಾರ. ಶುಕ್ರವಾರ ಎರಡು ಪುಟ ಮುದ್ರಿಸಿ, ಎರಡನೆಯ ಪುಟದ ಕೆಳಗೆ ಸಹಿ ಹಾಕಿ, ಕಡತಕ್ಕೆ ಸೇರಿಸಿ ಸಭೆಯ ಕೋಣೆಯ ಕಪಾಟಿನಲ್ಲಿಟ್ಟಿದ್ದಳು. ತಂಡದ ಮುಖ್ಯಸ್ಥ, ಮ್ಯಾನೇಜರು, ರಕ್ತನಿಧಿಯ ಡಾಕ್ಟರಮ್ಮ, ಈ ಮೂವರು ಅದನ್ನು ನೋಡಬೇಕಿತ್ತು, ನೋಡಿದ್ದರು. ಮೂವರಿಗೂ ಕಂಪ್ಯೂಟರ್ ಪ್ರತಿಯೂ ಹೋಗಿತ್ತು.

"ಇವತ್ತು ನಿರ್ದೇಶಕರು ಕಡತ ತೆಗೆದ್ರೆ ಒಟ್ಟು ನಲವತ್ತು ಅಂತಿದೆ! ಆರು ವಾರ ಅಂತ ತೀರ್ಮಾನ ಮಾಡಿಬಿಟ್ರು. ನಾನು ಎಂಬತ್ತೆರಡು ಅಂದೆ. 'ಸಹಿ ನಿಮ್ಮದೇ ಅಲ್ವಾ?' ಅಂದ್ರು. ನನ್ನ ಕಂಪ್ಯೂಟರಲ್ಲಿರೋದನ್ನ ತೋರಿಸಿದ್ರೆ, ಈಗ ತಿದ್ದಿರ್ಬೇಕು ಅಂತಾರೆ. ಬುಧವಾರ ಉತ್ತರ ಕೊಡ್ಬೇಕು. ನನ್ನ ಮಾತು ಬಿಡಿ ಮೇಡಂ, ಇದು ರಕ್ತದ ವಿಷಯ. ಅರ್ಧ ಸಮಯದಲ್ಲಿ ಮಾಡಿ, ಸರಿಯಾಗಿ ಟೆಸ್ಟ್ ಮಾಡದೆ ಬಿಟ್ರೆ ಯಾರ ಮೈಗೆ ಯಾವ ರಕ್ತ ಹೋಗುತ್ತೋ?"

ಚಿಕ್ಕಮ್ಮ ಸೂಜಿಯನ್ನು ಕೋಟಿಗೆ ಸಿಕ್ಕಿಸಿಟ್ಟರು. "ಓದೋ," ಎಂದರು ಟೆಸ್ಟರನಿಗೆ.

ಅವಳು ತಂದಿದ್ದ, ನಿರ್ದೇಶಕರು ನೋಡಿದ ಕಡತದ ನಕಲನ್ನು ಅವನು ಗಟ್ಟಿಯಾಗಿ ಓದಿದ. ಮೊದಲ ಪುಟದಲ್ಲಿ ಸ್ಕ್ರೀನುಗಳ ಹೆಸರು, ಪಾಯಿಂಟು. ದಾನಿಯ ನೋಂದಣಿ, ನಾಲ್ಕು, ಹೊಂದಾಣಿಕೆ ಪರೀಕ್ಷೆ, ನಾಲ್ಕು, ಹೀಗೆ. ಕೊನೆಯಲ್ಲಿ ಒಟ್ಟು ನಲವತ್ತು. ಎರಡನೆಯ ಪುಟದಲ್ಲಿ ಅದೇ ಸ್ಕ್ರೀನುಗಳ ವಿವರಣೆ: ದಾನಿಯ ನೋಂದಣಿ, ಗುಂಪಿನ ಪರೀಕ್ಷೆ, ಚೀಲದ ವಿತರಣೆ. ಕೆಳಗೆ ಸಹಿ.

"ಎಂಬತ್ತೆರಡರಲ್ಲಿ ನಲವತ್ತು ಹೋದ್ರೆ?" ಎಂದರು ಚಿಕ್ಕಮ್ಮ.

"ನಲವತ್ತೆರಡು."

"ಹೂಂ. ಅದರಲ್ಲಿ ಅರ್ಧ?"

"ಇಪ್ಪತ್ತೊಂದು," ಎಂದ ಟೆಸ್ಟರ್. ಅದರಲ್ಲೇನಿದೆ ಎಂದು ಅವನಿಗೆ ಹೊಳೆಯಲಿಲ್ಲ. ಎಣಿಕೆಗಾರ್ತಿಯ ಮುಖ ಮಾತ್ರ ಥಟ್ಟನೆ ಅರಳಿತು. ಚಿಕ್ಕಮ್ಮ ತುಟಿಯ ಮೇಲೆ ಬೆರಳಿಟ್ಟರು.

ಮಂಗಳವಾರ ಚಿಕ್ಕಮ್ಮ, ಟೆಸ್ಟರ್ ಇಬ್ಬರೂ ಕಚೇರಿಗೆ ಹೋದರು. ತಂಡದ ಮುಖ್ಯಸ್ಥ ಬಿಳಿ ಹಲಗೆಯ ಮುಂದೆ ತಲೆ ಚಚ್ಚಿಕೊಳ್ಳುತ್ತಿದ್ದ. ಹಲಗೆಯ ಮೇಲೆ 'ಗುಂಪಿನ ಪರೀಕ್ಷೆ: ಮೂರು ದಿನ' ಎಂದು ಕೆಂಪಕ್ಷರದಲ್ಲಿತ್ತು.

"ಹನ್ನೆರಡು ವಾರದ ಕೆಲಸಾನ ಆರು ವಾರದಲ್ಲಿ ಮಾಡಿ ಸಾಯೋನು ನಾನು ಮೇಡಂ. ನನ್ನ ಕುತ್ತಿಗೆಗೆ ನಾನೇ ಕುಣಿಕೆ ಹಾಕ್ಕೋತೀನಾ?"

ಮ್ಯಾನೇಜರು ಗಾಜಿನ ಕೋಣೆಯಲ್ಲಿದ್ದರು. ಆಸ್ಪತ್ರೆಯವರಿಗೆ ಆರು ವಾರ ಎಂದು ಮೊದಲೇ ಮಾತು ಕೊಟ್ಟಿದ್ದವರು ಅವರೇ. ಅದನ್ನು ಮುಚ್ಚಿಡಲೂ ಇಲ್ಲ.

"ಹೌದು, ನಾಲಿಗೆ ಜಾರ್ತು. ಆದ್ರೆ ಕಡತ ಮುಟ್ಟಿಲ್ಲ. ತೆಗೆದುಹಾಕೋದಕ್ಕೂ ಪಾಯಿಂಟ್ ಕೊಡ್ತೀರಲ್ಲ ಅಂತ ಹೋದ ವರ್ಷ ನಾನು ಜಗಳ ಆಡಿದ್ದು ನೆನಪಿದ್ಯಾ? ನೀವೇ ಎರಡು ಗಂಟೆ ಪಾಠ ಮಾಡಿ ನನ್ನ ಬಾಯಿ ಮುಚ್ಚಿಸಿದ್ರಿ. ನೋಡಿ, ಈ ಗುಂಪಿನ ಪರೀಕ್ಷೆ ಸ್ಕ್ರೀನ್ ಒಂದೇ ಸಾಕು ನಮ್ಮ ಪ್ರಾಣ ತಿನ್ನೋಕೆ."

ಹೊರಗೆ ಬಂದ ಮೇಲೆ ಟೆಸ್ಟರ್ ಪಿಸುಗುಟ್ಟಿದ: "ಚಿಕ್ಕಮ್ಮಾ, ಇವರೇ. ಕಣ್ಣು ಮುಚ್ಚಿ ಹೇಳ್ತೀನಿ."

"ಅದೇ ತಪ್ಪು. ಕಣ್ಣು ಬಿಟ್ಕೊಂಡು ಹೇಳು."

ಮೂರನೆಯವರು ರಕ್ತನಿಧಿಯ ಡಾಕ್ಟರಮ್ಮ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಗುಂಯ್‌ಗುಡುವ ಶೀತಕಪಾಟುಗಳ ನಡುವೆ ನಿಂತೇ ಮಾತಾಡಿದರು.

"ಹೋದ ತಿಂಗಳು ಬಾಣಂತಿಯೊಬ್ಬಳಿಗೆ ಅಪರೂಪದ ಗುಂಪಿನ ರಕ್ತ ಬೇಕಾಯ್ತು. ಹದಿನೇಳು ಕಡೆ ಫೋನ್ ಮಾಡಿದೆ. ದಾನಿ ಬರೋ ಹೊತ್ತಿಗೆ ಅವಳು ಇರ್ಲಿಲ್ಲ. ನಿಮ್ಮೋರನ್ನ ಏನು ಕೇಳಿದ್ರೂ 'ಅರ್ಜಿ ಹಾಕಿ, ಎರಡು ವಾರದಲ್ಲಿ ಉತ್ತರ' ಅಂತಾರೆ."

"ಗುಂಪಿನ ಪರೀಕ್ಷೆ ಸ್ಕ್ರೀನ್ ಬದಲಾಯಿಸೋದು ಸ್ವಲ್ಪ..." ಎಂದು ಟೆಸ್ಟರ್ ಶುರುಮಾಡಿದ.

"ಹೊಂದಾಣಿಕೆ ಪರೀಕ್ಷೆ," ಎಂದು ಅವರು ಅಲ್ಲೇ ತಡೆದರು. "ಗುಂಪು ಯಾವ್ದು ಅಂತ ನೋಡೋದು ಬೇರೆ, ಈ ರಕ್ತ ಈ ರೋಗಿಗೆ ಹೊಂದುತ್ತಾ ಅಂತ ನೋಡೋದು ಬೇರೆ."

ವಾಪಸು ಬರುವ ದಾರಿಯಲ್ಲಿ ಚಿಕ್ಕಮ್ಮ ಆ ನಕಲಿನ ಎರಡೂ ಪುಟಗಳನ್ನು ಬಿಡಿಸಿ ಮತ್ತೆ ಓದಿದರು.

ಬುಧವಾರ ಹತ್ತು ಗಂಟೆಗೆ ಡಾಕ್ಟರಮ್ಮನೂ ಸೇರಿದಂತೆ ಎಲ್ಲರೂ ಸಭೆಯ ಕೋಣೆಗೆ ಬಂದರು. ನಿರ್ದೇಶಕರು ಗಡಿಯಾರ ನೋಡಿಕೊಂಡರು. ಎಣಿಕೆಗಾರ್ತಿ ಮೇಜಿನ ತುದಿಯಲ್ಲಿ ಮುಷ್ಟಿ ಬಿಗಿಹಿಡಿದು ಕೂತಿದ್ದಳು.

"ಸುಳ್ಳು ಲೆಕ್ಕ ಬರೆಯೋರು ತಮಗೆ ಬೇಕಾದ ಅಂಕಿ ಹಾಕ್ತಾರೆ," ಎಂದು ಚಿಕ್ಕಮ್ಮ ಶುರುಮಾಡಿದರು. "ಇಲ್ಲಿ ಹಾಗಾಗಿಲ್ಲ. ಒಂದೊಂದು ಸ್ಕ್ರೀನಿನ ಪಾಯಿಂಟೂ ಇವಳು ಹಾಕಿದ್ದೇ ಇದೆ. ಸೇರಿಸೋದು ಮೂವತ್ತನಾಲ್ಕು, ಬದಲಾಯಿಸೋದು ಇಪ್ಪತ್ತೇಳು, ಒಟ್ಟು ಅರವತ್ತೊಂದು. ತೆಗೆಯೋದು ಇಪ್ಪತ್ತೊಂದು. ಅದನ್ನ ಕೂಡಿದ್ರೆ ಎಂಬತ್ತೆರಡು, ಕಳೆದ್ರೆ ನಲವತ್ತು. ಬದಲಾಗಿರೋದು ಒಂದೇ ಒಂದು ಚಿಹ್ನೆ. ಇದನ್ನ ಮಾಡಿದವರು ಮೋಸ ಮಾಡ್ಲಿಲ್ಲ. ನಮ್ಮ ಮೋಸಾನ ಸರಿಪಡಿಸ್ತಿದ್ದೀನಿ ಅಂದ್ಕೊಂಡ್ರು."

"ಯಾರು?" ಎಂದರು ನಿರ್ದೇಶಕರು.

"ತೆಗೆಯೋದೂ ಕೆಲಸವೇ, ಅದನ್ನ ಕೂಡ್ಬೇಕು ಅಂತ ಮುಖ್ಯಸ್ಥರಿಗೆ ಪಾಠ ಮಾಡಿದ್ದು ನಾನು. ಮ್ಯಾನೇಜರಿಗೆ ಜಗಳ ಆಡಿ ಕಲಿಸಿದ್ದೂ ನಾನೇ. ಇಬ್ಬರೂ ಇದನ್ನ ತಪ್ಪು ಅಂತ ಭಾವಿಸೋದಿಲ್ಲ. ಇನ್ನೊಂದು ವಿಷಯ. ಇವಳ ಕಂಪ್ಯೂಟರಲ್ಲಿ, ಎರಡನೇ ಪುಟದಲ್ಲಿ, ಮುಖ್ಯಸ್ಥರ ಹಲಗೆ ಮೇಲೆ, ಮ್ಯಾನೇಜರ ಬಾಯಲ್ಲಿ, ಎಲ್ಲಾ ಕಡೆ 'ಗುಂಪಿನ ಪರೀಕ್ಷೆ'. ಈ ಕಟ್ಟಡದಲ್ಲಿ ಎಲ್ಲರೂ ಹೇಳೋದು ಆ ತಪ್ಪು ಹೆಸರೇ. ಬದಲಾದ ಮೊದಲ ಪುಟದಲ್ಲಿ ಮಾತ್ರ ಅದು 'ಹೊಂದಾಣಿಕೆ ಪರೀಕ್ಷೆ' ಆಗಿದೆ. ಪುಟ ತಿದ್ದಿದ ಕೈಗೆ ಆ ತಪ್ಪನ್ನ ಹಾಗೇ ಬಿಡೋಕೆ ಆಗ್ಲಿಲ್ಲ."

ಟೆಸ್ಟರನ ಕಿವಿ ಬಿಸಿಯಾಯಿತು. ಆ ಎರಡು ಹೆಸರನ್ನೂ ಗಟ್ಟಿಯಾಗಿ ಓದಿದ್ದು ಅವನೇ.

ಡಾಕ್ಟರಮ್ಮ ನೆಟ್ಟಗೆ ಕೂತರು. "ನಾನೇ ತಿದ್ದಿದ್ದು. ನಂಗೆ ಬಂದ ಪ್ರತೀಲಿ ಮೊದಲ ಪುಟ ತಿದ್ದಿ, ಮುದ್ರಿಸಿ, ಕಡತದಲ್ಲಿಟ್ಟೆ. ಕಿತ್ತುಹಾಕೋ ಸ್ಕ್ರೀನಿಗೂ ಪಾಯಿಂಟ್ ಹಾಕಿ ದಿನ ಎಳೀತಿದ್ದೀರಿ ಅಂದ್ಕೊಂಡೆ. ಇಲ್ಲದೇ ಹೋಗೋದಕ್ಕೆ ಏನು ಕೆಲಸ?"

"ಡಾಕ್ಟರೇ, ರೋಗಿಯ ಹೊಟ್ಟೆಯಿಂದ ಒಂದು ಗೆಡ್ಡೆ ತೆಗೀತಾರೆ. ಆ ಗೆಡ್ಡೆ ಆಮೇಲೆ ಇರೋದಿಲ್ಲ. ಹಾಗಂತ ಆ ಶಸ್ತ್ರಚಿಕಿತ್ಸೆ ಹೊತ್ತನ್ನ ಆ ದಿನದ ಕೆಲಸದಿಂದ ಕಳೀತೀರಾ?"

ಡಾಕ್ಟರಮ್ಮ ಎದ್ದು, ಎಣಿಕೆಗಾರ್ತಿಯ ಕುರ್ಚಿಯ ಹತ್ತಿರ ಹೋದರು. "ನಿಮ್ಮ ಕೆಲಸಕ್ಕೇ ಕುತ್ತು ಬರುತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ. ತಪ್ಪಾಯ್ತು."

"ನನ್ನ ಸಹಿ ಮೇಲೆ ನಿಮ್ಮ ಪುಟ ಇಟ್ರಿ," ಎಂದಳು ಎಣಿಕೆಗಾರ್ತಿ. "ಮೂರು ದಿನ ಅನ್ನ ಸೇರ್ಲಿಲ್ಲ ನಂಗೆ." ಕಡತವನ್ನು ಎಳೆದುಕೊಂಡು ಪೆನ್ನು ತೆಗೆದಳು. "ಆದ್ರೆ ಆ ಬಾಣಂತಿ ವಿಷಯ ಮೇಡಂ ಹೇಳಿದ್ರು. ಸರ್, ದಾನಿಗಳನ್ನ ಹುಡುಕೋ ಭಾಗ ಮೂವತ್ತನಾಲ್ಕೇ ಪಾಯಿಂಟು. ಅದು ತನ್ನಷ್ಟಕ್ಕೇ ನಿಲ್ಲುತ್ತೆ. ಮೊದಲು ಅದನ್ನ ಮಾಡಿ, ಪೂರ್ತಿ ಟೆಸ್ಟ್ ಮಾಡಿ, ಐದು ವಾರಕ್ಕೆ ಕೊಡೋಣ. ಉಳಿದ ನಲವತ್ತೆಂಟು ಆಮೇಲೆ, ಏಳು ವಾರದಲ್ಲಿ."

ನಿರ್ದೇಶಕರು ಮುಖ್ಯಸ್ಥನ ಕಡೆ ನೋಡಿದರು. ಅವನು ಸೋಮವಾರದಿಂದ ಹಿಡಿದಿದ್ದ ಉಸಿರು ಬಿಟ್ಟು ತಲೆಯಾಡಿಸಿದ. ನಿರ್ದೇಶಕರು ಎಂಬತ್ತೆರಡರ ಪುಟಕ್ಕೆ ಸಹಿ ಹಾಕಿ, ಎಣಿಕೆಗಾರ್ತಿಯ ಕ್ಷಮೆ ಕೇಳಿದರು. ಇನ್ನು ಮೇಲೆ ಆಸ್ಪತ್ರೆಯವರು ಏನು ಕೇಳಿದರೂ ಅದೇ ದಿನ ಉತ್ತರ ಹೋಗಬೇಕೆಂದು ಮ್ಯಾನೇಜರಿಗೆ ಅಲ್ಲೇ ಅಪ್ಪಣೆಯಾಯಿತು.

ದಾನಿಗಳ ಸ್ಕ್ರೀನು ಹೇಳಿದ ದಿನಕ್ಕೇ ತಯಾರಾಯಿತು. ಟೆಸ್ಟರ್ ಅದನ್ನು ಹಿಂಡಿ ಹಿಪ್ಪೆ ಮಾಡಿಯೇ ಬಿಟ್ಟುಕೊಟ್ಟಿದ್ದ. ಅದು ಬಳಕೆಗೆ ಬಂದ ಎರಡನೆಯ ವಾರದಲ್ಲಿ ಒಂದು ಮಧ್ಯಾಹ್ನ ಡಾಕ್ಟರಮ್ಮ ಎಣಿಕೆಗಾರ್ತಿಗೆ ಫೋನ್ ಮಾಡಿದರು. ದಾನಿ ಸಿಕ್ಕಿ, ರಕ್ತ ಹೊಂದಿ, ಬಾಣಂತಿಯೊಬ್ಬಳು ಹೆರಿಗೆ ಕೋಣೆಯಿಂದ ನಗುತ್ತಾ ಹೊರಗೆ ಬಂದಿದ್ದಳಂತೆ, ಹೆಣ್ಣು ಮಗು.

ಎಣಿಕೆಗಾರ್ತಿ ಫೋನ್ ಕೆಳಗಿಟ್ಟು, ಕಂಪ್ಯೂಟರ್ ಮುಚ್ಚಿ, ಯಾರ ಅಪ್ಪಣೆಯನ್ನೂ ಕೇಳದೆ ಮೂರು ಗಂಟೆಗೇ ತನ್ನ ಮಗಳನ್ನು ಶಾಲೆಯಿಂದ ಕರೆತರಲು ಹೊರಟಳು.