ಮಾವ ಓದದ ಹಾಳೆಗಳು

"ಕಣ್ಣು ತೆರೀಬೇಡಿ ಅಂದೆ ಅಲ್ವಾ? ಮುಚ್ಕೊಂಡೇ ಇರಿ..."

ಶಿವಾನಿ ಸ್ವಲ್ಪ ಗಡುಸಾಗಿಯೇ ಹೇಳಿದಳು. ಸಹಕಾರನಗರದ ಆ ಪುಟ್ಟ ಕಣ್ಣಿನ ಆಸ್ಪತ್ರೆಯ ಕುರ್ಚಿಯಲ್ಲಿ ಕೂತಿದ್ದ ಯುವಕನ ಎರಡೂ ಕಣ್ಣು ಕೆಂಪಗೆ ಊದಿದ್ದವು. ನೀರು ಧಾರೆಯಾಗಿ ಇಳಿಯುತ್ತಿತ್ತು. ವೆಲ್ಡಿಂಗ್ ಬೆಳಕು ನೇರವಾಗಿ ಕಣ್ಣಿಗೆ ಹೊಡೆದಿತ್ತು.

ಪಕ್ಕದಲ್ಲಿ ಅವನ ತಾಯಿ ಶರಣವ್ವ ಅಳಬೇಕೋ ಬೈಯಬೇಕೋ ತಿಳಿಯದೆ ಎರಡನ್ನೂ ಮಾಡುತ್ತಿದ್ದರು. ಮಗ ರವಿಕಿರಣ ಕೆನಡಾದಲ್ಲಿ ವೆಲ್ಡರ್. ರಜೆಗೆಂದು ಕೋಗಿಲಿನ ಮನೆಗೆ ಬಂದವನು ಸುಮ್ಮನಿರಲಾರದೆ, ಯಾರದೋ ಶೆಡ್ಡಿನಿಂದ ಬಿರುಕು ಬಿಟ್ಟ ಮಾಸ್ಕ್ ತಂದು, ಮನೆಯ ಗೇಟು ರಿಪೇರಿಗೆ ಕೂತಿದ್ದ.

"ಅಲ್ಲಿ ದೊಡ್ಡ ದೊಡ್ಡ ಪೈಪಿಗೆ ಬೆಸಿಗಿ ಹಾಕಾಂವ, ಇಲ್ಲಿ ಮನಿ ಗೇಟಿಗೆ ಕಣ್ಣ ಸುಟಗೊಂಡಾನ ನೋಡ್ರಿ," ಎಂದರು ಶರಣವ್ವ.

ಔಷಧಿಯ ಹನಿ ಬಿದ್ದಾಗ, ಉರಿಗೆ ಅವನ ಕೈ ಗಾಳಿಯಲ್ಲಿ ತಡಕಾಡಿ ಶಿವಾನಿಯ ಮಣಿಕಟ್ಟನ್ನು ಹಿಡಿದುಕೊಂಡಿತು. ರೋಗಿಗಳು ಹಾಗೆ ಹಿಡಿಯುವುದು ಅವಳಿಗೆ ಹೊಸದಲ್ಲ. ಆದರೆ ಬಿಟ್ಟ ಮೇಲೂ ಆ ಕೈ ಅಲ್ಲೇ ಇದ್ದಂತೆ ಅನಿಸಿತು... ಅದು ಹೊಸದು.

ಎರಡೂ ಕಣ್ಣಿಗೆ ಪಟ್ಟಿ ಹಾಕಿದಳು. ಅವನು ಕೇಳಿದ.

"ನಾಳೆ ಇದನ್ನ ಯಾರು ಬಿಚ್ತಾರೆ?"

"ಡ್ಯೂಟೀಲಿ ಯಾರಿರ್ತಾರೋ ಅವರು."

"ನೀವೇ ಇರಿ. ಇಷ್ಟೊತ್ತು ನನ್ನನ್ನ ಬೈದ ಧ್ವನಿ ಯಾರದು ಅಂತ ನೋಡ್ಬೇಕು."

ಮರುದಿನ ಶಿವಾನಿಗೆ ವಾರದ ರಜೆ. ಆದರೂ ಜೊತೆಯವಳ ಹತ್ತಿರ ಡ್ಯೂಟಿ ಬದಲಾಯಿಸಿಕೊಂಡಳು. ಯಾಕೆ ಎಂದು ಅವಳು ಕೇಳಿದ್ದಕ್ಕೆ ಏನೋ ಸುಳ್ಳು ಹೇಳಿದಳು. ಪಟ್ಟಿ ಬಿಚ್ಚಿದಾಗ ರವಿಕಿರಣ ನಿಧಾನವಾಗಿ ರೆಪ್ಪೆ ತೆರೆದು, ಬೇರೆ ಎಲ್ಲಿಯೂ ನೋಡದೆ ಅವಳನ್ನೇ ನೋಡಿದ.

"ಸರಿ ಕಾಣ್ತಿದೆಯಾ?" ಎಂದಳು.

"ತುಂಬಾ ಸರಿಯಾಗಿ," ಎಂದ.

ಉಳಿದ ಕೆಲಸವನ್ನು ಶರಣವ್ವ ನೋಡಿಕೊಂಡರು. ಕನ್ನಡಕ ಬೇಕೆಂಬ ನೆಪದಲ್ಲಿ ಮತ್ತೆ ಬಂದು, ಹುಡುಗಿಯ ತಾಯಿತಂದೆಯೂ ಕೊಪ್ಪಳ ಕಡೆಯವರೇ ಎಂದು ಪತ್ತೆ ಮಾಡಿದರು. ಅದೇ ರಜೆಯೊಳಗೆ ಯಲಹಂಕದ ಛತ್ರದಲ್ಲಿ ಮದುವೆಯೂ ಆಯಿತು. ಸೆರಗಿಗೆ ಹಚ್ಚಿದ ಅರಿಶಿನದ ಕಲೆ ಪೂರ್ತಿ ಹೋಗುವ ಮೊದಲೇ ಅವನು ವಿಮಾನ ಹತ್ತಿದ. ವಿಮಾನ ನಿಲ್ದಾಣದ ಹೆದ್ದಾರಿಯಲ್ಲಿ ಮನೆಗೆ ವಾಪಸ್ ಬರುವಾಗ ಕ್ಯಾಬಿನ ಕಿಟಕಿಗೆ ಹಣೆ ಒತ್ತಿ ಕೂತ ಸೊಸೆಯ ಕೈಯನ್ನು ಶರಣವ್ವ ತಮ್ಮ ಮಡಿಲಲ್ಲಿ ಇಟ್ಟುಕೊಂಡರು.

ಅವಳು ಅಲ್ಲಿಗೆ ಹೋಗಬೇಕೆಂದರೆ ಗಂಡನಾದವನು ಸ್ಪಾನ್ಸರ್ ಮಾಡಬೇಕು, ಅಲ್ಲಿನ ಸರ್ಕಾರ ಪಿ.ಆರ್., ಅಂದರೆ ಕಾಯಂ ವಾಸದ ಅನುಮತಿ, ಕೊಡಬೇಕು. ಅದಕ್ಕೆ ದೊಡ್ಡ ಫೈಲು ಬೇಕು. ಮದುವೆಯ ಫೋಟೋ, ಇಬ್ಬರ ನಡುವಿನ ಮೆಸೇಜು, ಎಲ್ಲವೂ ಅದರಲ್ಲಿರಬೇಕು. ಗಂಡಹೆಂಡತಿ ನಿಜವಾಗಿ ಗಂಡಹೆಂಡತಿಯೇ ಎಂದು, ಅವರನ್ನು ಎಂದೂ ನೋಡದ ಅಧಿಕಾರಿಯೊಬ್ಬ ನಂಬಬೇಕು.

ಫೈಲಿನ ಜವಾಬ್ದಾರಿಯನ್ನು ಮಾವ ಪಂಚಪ್ಪ ಸಂತೋಷದಿಂದ ಹೊತ್ತುಕೊಂಡರು. ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಕಾಗದಕ್ಕೆ ತೂತು ಹೊಡೆದು ದಾರ ಹಾಕುವುದರಲ್ಲಿ ಅವರಿಗಿರುವ ಸುಖ ಬೇರೆಯವರಿಗೆ ಹಬ್ಬದೂಟದಲ್ಲೂ ಸಿಗದು. ಮನೆಯ ಹಾಲ್‌ನ ನಡುವೆ ಚಾಪೆ ಹಾಸಿ, ಕನ್ನಡಕ ಮೂಗಿನ ತುದಿಗಿಳಿಸಿ, ಪ್ರತಿ ಹಾಳೆಯನ್ನೂ ಜೋರಾಗಿ ಓದುತ್ತಿದ್ದರು. ತಾರೀಖು ತಪ್ಪಬಾರದಲ್ಲ!

"ನಿಮ್ಮ ವಾಟ್ಸಾಪಿನ ಪ್ರಿಂಟೂ ಕೊಡವಾ. ನಾಳಿ ಓದಿ, ಸಾಲಾಗಿ ಹಚ್ಚತೀನಿ," ಎಂದರು ಒಂದು ಸಂಜೆ.

ಶಿವಾನಿ ಕೈಯಲ್ಲಿದ್ದ ಫೋನನ್ನು ಮಗುಚಿಟ್ಟಳು.

ಆ ಮೆಸೇಜುಗಳಲ್ಲಿ ಏನೇನಿತ್ತು ಎಂದು ಅವಳಿಗಷ್ಟೇ ಗೊತ್ತು. ದಿನವೂ ಕೆಲಸ ಮುಗಿಸಿ ರವಿಕಿರಣ ಬರೆಯುತ್ತಿದ್ದ. 'ಮಾಸ್ಕ್ ಇಳಿಸಿದ್ರೆ ಎಲ್ಲಾ ಕತ್ತಲು ಬಂಗಾರಿ. ಆ ಕತ್ತಲಲ್ಲಿ ನೀನೇ ಕಾಣ್ತೀಯ...' ಇದು ಅವುಗಳಲ್ಲೆಲ್ಲ ಮರ್ಯಾದೆಯದ್ದು. ಉಳಿದವು ಇನ್ನೂ ಬೇರೆ.

ಇದನ್ನು ಮಾವ ಜೋರಾಗಿ ಓದುವುದೇ? ಅತ್ತೆ ಕೇಳಿಸಿಕೊಳ್ಳುವುದೇ?

ಟೆರೇಸಿನ ನೀರಿನ ಟ್ಯಾಂಕಿನ ಹಿಂದೆ ಕೂತು, ಒಂದೊಂದನ್ನೇ ಕೊನೆಯ ಸಲ ಓದಿ ಅಳಿಸಿದಳು. ಅವನು ಭುಜದ ಮೇಲೆ ಕೈ ಹಾಕಿದ್ದ ಫೋಟೋಗಳನ್ನೂ ಫೈಲಿನಿಂದ ತೆಗೆದಳು. ಕೊನೆಗೆ ಉಳಿದದ್ದು ಇಷ್ಟೇ. ಊಟ ಆಯ್ತಾ. ಆಯ್ತು. ಮಾವನ ಬಿಪಿ ಮಾತ್ರೆ ತಂದೆ. ಸರಿ.

ಪಂಚಪ್ಪ ಅದನ್ನು ಓದಿ, ಎಂಥ ಸಭ್ಯ ಮಕ್ಕಳು ಎಂದು ಹೆಮ್ಮೆಪಟ್ಟು ದಾರ ಕಟ್ಟಿದರು.

ಆಮೇಲೆ ಕಾಯುವುದು ಶುರುವಾಯಿತು.

ಕಾಯುವವರ ಬದುಕು ವಿಚಿತ್ರ. ಶಿವಾನಿ ಶಾಂಪೂವನ್ನು ಬಾಟಲಿಯಲ್ಲಿ ತರುವುದನ್ನು ಬಿಟ್ಟು ಸ್ಯಾಷೆ ತರತೊಡಗಿದಳು. ಯಾವಾಗ ಹೊರಡುವುದೋ, ಯಾರಿಗೆ ಗೊತ್ತು? ಆಸ್ಪತ್ರೆಯ ಡಾಕ್ಟರು ಹೊಸ ಶಾಖೆಯ ಜವಾಬ್ದಾರಿ ವಹಿಸಿಕೊಳ್ಳುತ್ತೀಯಾ ಎಂದು ಕೇಳಿದಾಗ ಹೂಂ ಎನ್ನಲೂ ಆಗಲಿಲ್ಲ, ಉಹೂಂ ಎನ್ನಲೂ ಆಗಲಿಲ್ಲ. ಅಟ್ಟದ ಸೂಟ್‌ಕೇಸಿನಲ್ಲಿ ಮಡಿಸಿಟ್ಟ ಸ್ವೆಟರಿಗೆ ನುಸಿಗುಳಿಗೆಯ ವಾಸನೆ ಹತ್ತಿತು. ಹಾಲಿನ ಬೂತಿನಲ್ಲಿ ಮುನಿಗಂಗಮ್ಮ ದಿನವೂ ಒಂದೇ ಮಾತು ಕೇಳುತ್ತಿದ್ದಳು.

"ಇನ್ನಾ ಬಂದಿಲ್ವೇನವ್ವ ನಿನ್ ವೀಸಾ? ಇಂಗೇ ಆದ್ರೆ ಎಂಗೆ?"

ನಕ್ಕು ಮುಂದೆ ಹೋಗುತ್ತಿದ್ದಳು. ಮನೆಗೆ ಬಂದು ಬಚ್ಚಲಲ್ಲಿ ಮುಖ ತೊಳೆದುಕೊಳ್ಳುತ್ತಿದ್ದಳು, ತುಸು ಹೆಚ್ಚು ಹೊತ್ತು.

ವರ್ಷ ಕಳೆದ ಮೇಲೆ ಉತ್ತರ ಬಂತು. ಆರ್.ಟಿ. ನಗರದ ಏಜೆಂಟ್ ಕಚೇರಿಯ ರೂಬಿ ಫೋನು ಮಾಡಿ, ಧೈರ್ಯ ತಂದುಕೊಳ್ಳಿ ಅಕ್ಕಾ ಎಂದು ಮೊದಲೇ ಹೇಳಿದಳು. ಈ ಮದುವೆ ನಿಜವಾದದ್ದೆಂದು ನಂಬಲು ಆಧಾರ ಸಾಲದು, ಸಂಭಾಷಣೆಯಲ್ಲಿ ದಾಂಪತ್ಯದ ಆತ್ಮೀಯತೆ ಕಾಣುತ್ತಿಲ್ಲ, ಒಂದು ತಿಂಗಳೊಳಗೆ ಬೇರೆ ಪುರಾವೆ ಕೊಡದಿದ್ದರೆ ಅರ್ಜಿ ತಿರಸ್ಕೃತವಾಗಬಹುದು. ಅಧಿಕಾರಿ ಬರೆದದ್ದು ಇದು.

ಮರುದಿನ ಬೆಳಗ್ಗೆ ರವಿಕಿರಣನ ಕರೆ ಬಂತು. ಅಲ್ಲಿ ಅವನಿಗೆ ಹಿಂದಿನ ದಿನದ ಸಂಜೆ. ಏಜೆಂಟನಿಂದ ಪೂರ್ತಿ ಫೈಲು ತರಿಸಿಕೊಂಡು ಮೊದಲ ಬಾರಿ ನೋಡಿದ್ದ. ಅವನ ಧ್ವನಿ ಬದಲಾಗಿತ್ತು.

"ನಾನು ಬರೆದಿದ್ದು ಒಂದೂ ಇಲ್ಲ ಶಿವಾನಿ. ನೀನೇ ತೆಗೆದ್ಯಾ?"

"ಹೌದು, ಆದ್ರೆ..."

"ಆ ಹೊಸ ಶಾಖೆ ವಿಷ್ಯ ಹೇಳ್ದಾಗ್ಲೇ ನಂಗೆ ಅನಿಸಿತ್ತು. ಬರೋಕೆ ಇಷ್ಟ ಇಲ್ದಿದ್ರೆ ನೇರವಾಗಿ ಹೇಳ್ಬಹುದಿತ್ತು. ಆ ಆಫೀಸರ್ ಕೇಳಿದ್ದು ಸರಿನೇ ಅನಿಸ್ತಿದೆ ನಂಗೆ."

ಶಿವಾನಿ ಕರೆ ಕತ್ತರಿಸಿದಳು.

ಎಲ್ಲೋ ಕೂತ ಅಧಿಕಾರಿ ನಂಬದಿದ್ದರೆ ಇರಲಿ, ಅವನು ನನ್ನನ್ನು ನೋಡಿಲ್ಲ. ಇವರು ನೋಡಿದ್ದಾರಲ್ಲ... ಕಣ್ಣು ಬಿಟ್ಟ ಕೂಡಲೇ ಮೊದಲು ನನ್ನನ್ನೇ ನೋಡಿದ್ದರಲ್ಲ!

ಆ ದಿನ ಅವನು ಮತ್ತೆ ಮಾಡಿದ ಕರೆಯನ್ನು ಅವಳು ಎತ್ತಲಿಲ್ಲ. ಮರುದಿನ ಅವನು ಮಾಡಲೇ ಇಲ್ಲ.

ಮೂರನೆಯ ಬೆಳಗ್ಗೆ ಶರಣವ್ವ ರೊಟ್ಟಿ ಬಡಿಯುತ್ತ, ತಲೆ ಎತ್ತದೆ ಕೇಳಿದರು.

"ಯಾಕವಾ, ಎಲ್ಡ ದಿನದಿಂದ ಮ್ಯಾಲ ಟ್ಯಾಂಕಿನ ಕಡೆ ಹೋಗವಲ್ಲಿ?"

ಟ್ಯಾಂಕಿನ ಗುಟ್ಟು ಅತ್ತೆಗೆ ಗೊತ್ತು ಎನ್ನುವುದೇ ಶಿವಾನಿಗೆ ಆಗ ಗೊತ್ತಾದದ್ದು. ಅಲ್ಲೇ ಕುಸಿದು ಕೂತು ಎಲ್ಲವನ್ನೂ ಹೇಳಿದಳು. ಅಳಿಸಿದ್ದು, ಯಾಕೆ ಅಳಿಸಿದ್ದು, ಅವನು ಅಂದದ್ದು, ತನಗೆ ಚುಚ್ಚಿದ್ದು.

ಶರಣವ್ವನ ಕೈಯ ರೊಟ್ಟಿ ಹೆಂಚಿನ ಮೇಲೆ ಸೀದುಹೋಯಿತು. ಅದನ್ನು ಎತ್ತಿ ಬದಿಗಿಟ್ಟು, ಹಾಲ್‌ನಲ್ಲಿ ಪೇಪರ್ ಓದುತ್ತಿದ್ದ ಗಂಡನಿಗೆ ಕೇಳುವಂತೆ ಹೇಳಿದರು, "ಕೇಳಿಸ್ತೇನ್ರಿ? ನಿಮ್ಮ ಓದಿನ ಚಟಕ್ಕ ಹುಡುಗೂರ ಸಂಸಾರ ಹೊಂಟೈತಿ."

ಪೇಪರ್ ಮಡಚಿದ ಸದ್ದು ಬಂತು.

"ಅತ್ತೆ, ನೀವೇ ಅವರಿಗೆ ಫೋನ್ ಮಾಡಿ ಹೇಳ್ತೀರಾ?"

"ಊಹೂಂ. ನಾ ಹೇಳಿದ್ರ ಅವ್ವ ಹೇಳ್ಯಾಳಂತ ನಂಬ್ತಾನ. ನೀ ಹೇಳಿದ್ರ ನಿನ್ನ ನಂಬ್ತಾನ. ಯಾವದು ಬೇಕು, ನೀನ ನೋಡು."

ಶಿವಾನಿ ಕಣ್ಣೊರೆಸಿಕೊಂಡು ಮೇಲೆ ಹೋದಳು. ಮೊದಲ ರಿಂಗಿಗೇ ಅವನು ಎತ್ತಿದ. ಅಂದರೆ ಫೋನು ಕೈಯಲ್ಲೇ ಹಿಡಿದು ಕೂತಿದ್ದ.

"ಮಾವ ಪ್ರತಿ ಹಾಳೇನೂ ಹಾಲಲ್ಲಿ ಕೂತು ಜೋರಾಗಿ ಓದ್ತಾರೆ ರೀ," ಎಂದಳು, ಬೇರೆ ಪೀಠಿಕೆ ಇಲ್ಲದೆ. "ನೀವು ಬರೆದಿದ್ದನ್ನ ಅವರು ಓದೋದು... ನಂಗಾಗ್ಲಿಲ್ಲ. ಅಳಿಸೋ ಮುಂಚೆ ಎಲ್ಲಾ ಓದ್ದೆ. ಬಾಯಿಪಾಠ ಆಗೋ ಹಾಗೆ ಓದ್ದೆ."

"ಅಪ್ಪ... ಜೋರಾಗಿ?" ಎಂದ.

"ಸ್ಟೋರ್ಸ್‌ನಲ್ಲಿ ಸಾಮಾನು ಲೆಕ್ಕ ಓದೋ ಹಾಗೆ."

ರವಿಕಿರಣ ನಗಲು ಶುರುಮಾಡಿದವನು ಸುಮಾರು ಹೊತ್ತು ನಿಲ್ಲಿಸಲಿಲ್ಲ. ನಗು ನಿಂತಾಗ ಅವನ ಮೂಗು ಕಟ್ಟಿತ್ತು. ತಾನು ಅಂದದ್ದು ತಪ್ಪಾಯಿತೆಂದ. ಒಬ್ಬನೇ ಕೂತು ಕೂತು ತಲೆ ಕೆಟ್ಟಿತ್ತು, ಅವಳು ಬರುವುದೇ ಇಲ್ಲವೇನೋ ಎಂಬ ಹೆದರಿಕೆಯೇ ಸಿಟ್ಟಾಗಿ ಬಂತು ಎಂದ.

"ಮತ್ತೆ ಹಾಗೆ ಅನ್ಬೇಡಿ," ಎಂದಳು. "ಬೈಯ್ರಿ, ಪರವಾಗಿಲ್ಲ. ಅದನ್ನ ಮಾತ್ರ ಅನ್ಬೇಡಿ."

"ಅನ್ನಲ್ಲ." ಆಮೇಲೆ ಮೆಲ್ಲಗೆ ಸೇರಿಸಿದ. "ನನ್ನ ಫೋನಲ್ಲಿ ಎಲ್ಲಾ ಹಾಗೇ ಇದೆ. ಒಂದನ್ನೂ ಅಳಿಸಿಲ್ಲ."

ಎಲ್ಲವೂ ಬಂತು. ಆದರೆ ರೂಬಿ ಇನ್ನೊಂದು ಸಂಗತಿ ಹೇಳಿದಳು. ಮೆಸೇಜುಗಳು ಕನ್ನಡದಲ್ಲಿವೆ. ಒಂದೊಂದನ್ನೂ ಇಂಗ್ಲಿಷಿಗೆ ತರ್ಜುಮೆ ಮಾಡಿಸಿ, ನೋಟರಿ ಮುಂದೆ ಪ್ರಮಾಣ ಮಾಡಿಸಬೇಕು.

ಹೀಗೆ, ಯಾರ ಕಣ್ಣಿಗೂ ಬೀಳಬಾರದೆಂದು ಅಳಿಸಿದ ಮಾತುಗಳನ್ನು ಹೊತ್ತುಕೊಂಡು ಶಿವಾನಿ ಯಲಹಂಕದ ವೆಂಕಟಸ್ವಾಮಿಯವರ ಮೇಜಿನ ಮುಂದೆ ಕೂರಬೇಕಾಯಿತು. ಅವರು ಕೋರ್ಟಿನಲ್ಲಿ ಅನುವಾದಕರಾಗಿದ್ದು ನಿವೃತ್ತರಾದವರು. ಕರೆದುಕೊಂಡು ಹೋದದ್ದು ಮಾವನೇ, ತಮ್ಮ ಟಿವಿಎಸ್‌ನಲ್ಲಿ.

ವೆಂಕಟಸ್ವಾಮಿ ಮೊದಲ ಹಾಳೆ ನೋಡಿ ಗಂಟಲು ಸರಿಮಾಡಿಕೊಂಡರು.

"ಇಲ್ಲಿ 'ಬಂಗಾರಿ' ಅಂತ ಇದೆ ತಾಯಿ. ಗೋಲ್ಡ್ ಅಂತ ಬರೆದ್ರೆ ಕಸ್ಟಮ್ಸ್‌ನೋರು ಹಿಡೀತಾರೆ."

ಶಿವಾನಿಯ ಕಿವಿಯವರೆಗೂ ಬಿಸಿಯೇರಿತು. "ಅದು... ನನ್ನನ್ನ ಕರೆಯೋದು ಸರ್."

"ಗೊತ್ತಮ್ಮ. ಇಷ್ಟು ವರ್ಷ ಬರೀ ಡೈವೋರ್ಸ್ ಕಾಗದ ತರ್ಜುಮೆ ಮಾಡಿದ್ದೀನಿ. ಇಂಥದ್ದು ಸಿಕ್ಕಿದ್ದು ಇದೇ ಮೊದಲು. ನಿಧಾನಕ್ಕೆ ಚೆನ್ನಾಗಿ ಮಾಡ್ತೀನಿ, ಇರಿ."

ಚೆನ್ನಾಗಿಯೇ ಮಾಡಿದರು. ಕೆಲವು ಕಡೆ ಪೆನ್ನು ಕೆಳಗಿಟ್ಟು ಕಿಟಕಿಯಾಚೆ ನೋಡಿ, ಮತ್ತೆ ಬರೆದರು.

ಸಹಿ, ಮೊಹರು ಮುಗಿದು ಹೊರಗೆ ಬಂದಾಗ, ಪಂಚಪ್ಪ ಪಂಚಿಂಗ್ ಯಂತ್ರ ಮತ್ತು ದಾರ ಹಿಡಿದು ಕಟ್ಟೆಯ ಮೇಲೆ ಕೂತಿದ್ದರು. ಶಿವಾನಿ ಹಿಂಜರಿದಳು.

"ಕೊಡವಾ. ತೂತ ಹೊಡೀತೀನಿ ಅಷ್ಟ," ಎಂದರು, ನೆಲ ನೋಡುತ್ತ. "ಕನ್ನಡಕ ಮನ್ಯಾಗ ಮರತ ಬಂದೀನಿ. ನನಗೇನೂ ಕಾಣಂಗಿಲ್ಲ."

ಕನ್ನಡಕವಿಲ್ಲದೆ ಅವರಿಗೆ ಒಂದಕ್ಷರವೂ ಓದಲಾಗದು ಎಂಬುದು ನಿಜ. ಅವರ ಕಣ್ಣು ಪರೀಕ್ಷಿಸಿದ್ದು ಶಿವಾನಿಯೇ. ಆದರೆ ಅಂಗಿಯ ಜೇಬಿನಿಂದ ಕನ್ನಡಕದ ಡಬ್ಬಿ ಅರ್ಧ ಇಣುಕುತ್ತಿತ್ತು.

ಅವಳು ಹಾಳೆಗಳನ್ನು ಕೊಟ್ಟಳು. ಪಂಚಪ್ಪ ಅವನ್ನು ಮುಖ ಕೆಳಗೆ ಮಾಡಿ ಜೋಡಿಸಿ, ಅಂಚು ತಟ್ಟಿ, ತೂತು ಹೊಡೆದು, ಒಂದೇ ಒಂದನ್ನೂ ತಿರುಗಿಸದೆ ದಾರ ಕಟ್ಟಿದರು. ಹುಟ್ಟಿದಂದಿನಿಂದ ಅವರು ಓದದೆ ಕಟ್ಟಿದ ಫೈಲು ಅದೊಂದೇ ಇರಬೇಕು.

"ಗಟ್ಟಿ ಕಟ್ಟೀನಿ. ಬಿಚ್ಚಂಗಿಲ್ಲ," ಎಂದರು. ಶಿವಾನಿ ಅಲ್ಲೇ ರಸ್ತೆಬದಿಯಲ್ಲಿ ಬಾಗಿ ಅವರ ಕಾಲು ಮುಟ್ಟಿದಳು.

ಮತ್ತೆ ಕಾಯುವುದೇ ಆಯಿತು. ಆದರೆ ಈ ಸಲ ಅವಳು ಹೊಸ ಶಾಖೆಗೆ ಹೂಂ ಎಂದಳು, ಹೊರಡುವವರೆಗೆ ಮಾತ್ರ ಎಂದು ಡಾಕ್ಟರಿಗೆ ನೇರವಾಗಿ ಹೇಳಿಯೇ. ಶಾಂಪೂ ಬಾಟಲಿಯನ್ನೂ ತಂದಳು. ಅದು ಮುಗಿಯುವ ಹೊತ್ತಿಗೆ, ಒಂದು ಬೆಳಗ್ಗೆ ಉಪ್ಪಿಟ್ಟಿನ ತಟ್ಟೆ ಕೈಯಲ್ಲಿದ್ದಾಗ ಫೋನು ಬಂತು.

ವಿಡಿಯೋದಲ್ಲಿ ರವಿಕಿರಣ ಕೆಲಸದ ಬಟ್ಟೆಯಲ್ಲೇ ಇದ್ದ. ಮೂಗಿನ ಮೇಲೆ ಮಾಸ್ಕಿನ ಗುರುತು ಇನ್ನೂ ಇತ್ತು.

"ಪಾಸ್‌ಪೋರ್ಟ್ ಕಳ್ಸೋಕೆ ಹೇಳಿದ್ದಾರೆ," ಎಂದ. "ಒಪ್ಕೊಂಡ್ರು ಬಂಗಾರಿ... ನಮ್ಮನ್ನ ನಂಬಿದ್ರು."

ಶರಣವ್ವ ಸೆರಗು ಬಾಯಿಗೆ ಒತ್ತಿಕೊಂಡರು. ಟೆರೇಸಿನ ಮೆಟ್ಟಿಲ ಕಡೆ ಒಂದು ಹೆಜ್ಜೆ ಇಟ್ಟ ಶಿವಾನಿ ಅಲ್ಲೇ ನಿಂತಳು. ಹಾಲ್‌ನಲ್ಲಿ ಅತ್ತೆ ಇದ್ದರು. ಕುರ್ಚಿಯಲ್ಲಿ ಮಾವ ಇದ್ದರು.

ಅವಳು ಮೇಲೆ ಹೋಗಲಿಲ್ಲ.

"ಕಣ್ಣು ಮುಚ್ಚಿ," ಎಂದಳು ಫೋನಿಗೆ.

"ಯಾಕೆ?"

"ಮುಚ್ಚಿ ಅಂದೆ ಅಲ್ವಾ?"

ಅವನು ಮುಚ್ಚಿದ. ಪಂಚಪ್ಪ ರಿಮೋಟ್ ಎತ್ತಿ ಟಿವಿಯ ಸದ್ದನ್ನು ಮೆಲ್ಲಗೆ ಹೆಚ್ಚಿಸಿದರು.

"ನಿಮ್ಮನ್ನ ಬಿಟ್ಟು ಇರೋಕೆ ನಂಗಾಗಲ್ಲ," ಎಂದಳು ಶಿವಾನಿ, ಟಿವಿಯ ಸದ್ದನ್ನು ಮೀರಿ. "ಆವತ್ತು ನೀವು ಕೈ ಹಿಡಿದಾಗಿನಿಂದ್ಲೂ ಆಗ್ತಿಲ್ಲ. ಇದನ್ನ ಬೇಕಾದ್ರೆ ಯಾರು ಎಷ್ಟು ಜೋರಾಗಿ ಓದ್ಲಿ."

ಮುಚ್ಚಿದ ರೆಪ್ಪೆಗಳ ಅಂಚಿನಿಂದ ಅವನ ಕಣ್ಣೀರು ಇಳಿಯಿತು.

"ಈಗ ತೆರೀಲಾ?"

"ಸ್ವಲ್ಪ ತಡೀರಿ," ಎಂದಳು. "ಈ ಸಲಾನೂ ಪಟ್ಟಿ ನಾನೇ ಬಿಚ್ಚಬೇಕು. ಬರ್ತಿದ್ದೀನಿ."