ಕಿವಿಯ ಮುಂದಿನ ನೋವು

"ಮೈಕಲ್ಲಿ ಏನೋ ಟಕ್ ಅಂತಿದೆ. ಇನ್ನೊಂದ್ಸಲ ಓದ್ತೀರಾ?" ಗಾಜಿನಾಚೆಯಿಂದ ಲಸಾದ್ ಕೇಳಿದ.

ಸೌಸನ್‌ಳ ಕಣ್ಣು ತುಂಬಿತು. "ಮೈಕ್ ಅಲ್ಲ, ಲಸಾದ್ ಅವರೇ. ನನ್ನ ದವಡೆ."

ಸ್ಫಾಕ್ಸ್ ಪಟ್ಟಣದ ಆ ಪುಟ್ಟ ರೇಡಿಯೋ ಕೇಂದ್ರದಲ್ಲಿ ವಾರ್ತೆ ಓದುವವಳು ಅವಳು, ಧ್ವನಿಮುದ್ರಣ ಅವನದು. ಅವನು ಹೆಡ್‌ಫೋನ್ ತೆಗೆದಿಟ್ಟು ಒಳಗೆ ಓಡಿಬಂದ.

ಆಕಳಿಸಿದರೆ ಅವಳ ಬಾಯಿ ಹಿಡಿದುಕೊಳ್ಳುತ್ತಿತ್ತು. ಕಿವಿ ಡಾಕ್ಟರು ಕಿವಿ ಸರಿಯಿದೆ ಎಂದಿದ್ದರು. ಹಲ್ಲಿನ ಡಾಕ್ಟರು ಗಟ್ಟಿ ಹಲ್ಲೊಂದನ್ನು ಕಿತ್ತಿದ್ದರು. ನೋವು ಮಾತ್ರ ಕದಲಲಿಲ್ಲ. ಈಗ ಅವಳ ಅಣ್ಣ ಹೆಸರುವಾಸಿ ಸರ್ಜನ್ ಒಬ್ಬರ ಹತ್ತಿರ ಆಪರೇಷನ್ನಿಗೆ ದಿನ ಗೊತ್ತುಮಾಡಿದ್ದ.

"ಆ ಸರ್ಜನ್ ದವಡೆ ಮುಟ್ಟಿ ನೋಡಿದ್ರಾ?" ಎಲ್ಲ ಕೇಳಿಸಿಕೊಂಡ ಲಸಾದ್ ಅಂದ.

"ಇಲ್ಲ, ಬರೀ ಎಕ್ಸ್‌ರೇ."

"ಮತ್ತೆ ಯಾವ ಧೈರ್ಯದ ಮೇಲೆ ಹೋಗ್ತಿದ್ದೀರಿ?"

"ಧೈರ್ಯ ಎಲ್ಲಿದೆ? ಸಾಕಾಗಿದೆ. ಎಲ್ಲಾ ನಿನ್ನ ಭ್ರಮೆ ಅಂತಾಳೆ ಅಮ್ಮ."

"ನನ್ನ ಕಿವಿಗೇ ಕೇಳಿಸ್ತಲ್ಲ! ಭ್ರಮೆ ಹೇಗಾಗತ್ತೆ?"

ಅವಳು ತಲೆಯೆತ್ತಿ ನೋಡಿದಳು. ಜೊತೆಗೆ ಕೆಲಸ ಮಾಡುವ ಈ ಮನುಷ್ಯನ ರೆಪ್ಪೆಗಳು ಇಷ್ಟು ಉದ್ದವೆಂದು ಅವಳಿಗೆ ಅದುವರೆಗೂ ತಿಳಿದಿರಲಿಲ್ಲ.

ದವಡೆಯ ಕೀಲನ್ನೇ ನೋಡುವ ವೈದ್ಯೆಯೊಬ್ಬರನ್ನು ಟ್ಯೂನಿಸ್‌ನಲ್ಲಿ ಅವಳೇ ಹುಡುಕಿದಳು. "ಕತ್ತರಿ ಹಿಡಿಯೋ ಮೊದ್ಲು ಏನೇನು ಮಾಡಿ ನೋಡ್ತೀರಿ?" ಎಂದು ಫೋನಿನಲ್ಲೇ ಕೇಳಿದಳು. "ಬನ್ನಿ, ಮೊದಲು ನಿಮ್ಮ ಮಾತು ಕೇಳ್ತೀನಿ," ಎಂದರು ಡಾಕ್ಟರ್ ಬಹೀಜಾ. ಲಸಾದ್ ಜೊತೆಗೆ ಹೊರಟ.

ಬಹೀಜಾ ಅವಳ ಕಿವಿಗಳ ಮುಂದೆ ಬೆರಳಿಟ್ಟು ಬಾಯಿ ತೆರೆಸಿದರು, ಮುಚ್ಚಿಸಿದರು. ಸ್ಕ್ಯಾನ್ ನೋಡಿದರು. ನಿದ್ದೆಯ ಬಗ್ಗೆ ಕೇಳಿದರು.

"ಕೀಲಿನೊಳಗಿನ ಮೆತ್ತೆ ಜಾರಿದೆ, ಮಗಳೇ. ನಿದ್ದೇಲಿ ಹಲ್ಲು ಕಡೀತೀಯ. ಆಪರೇಷನ್ ಈಗ ಬೇಡ. ಮಲಗುವಾಗ ಹಲ್ಲಿಗೊಂದು ಕವಚ, ದವಡೆಗೆ ವ್ಯಾಯಾಮ, ಮೆತ್ತಗಿನ ಊಟ. ನಿಧಾನಕ್ಕೆ ಹಿಡಿತಕ್ಕೆ ಬರತ್ತೆ."

"ಅಂದ್ರೆ... ಇದು ನಿಜವಾದ ನೋವಾ?"

"ನಿಜಾನೇ, ಕಂದಾ."

ಅಳು ನಿಂತ ಮೇಲೆ ಅವಳು ಅಣ್ಣನಿಗೆ ಫೋನ್ ಮಾಡಿದಳು. "ಆಪರೇಷನ್ ಬೇಡ ಅಂತ ಹೇಳ್ಬಿಡಣ್ಣಾ. ನನ್ನ ಡಾಕ್ಟರು ನನಗೆ ಸಿಕ್ಕಿದ್ರು."

ಬೀದಿಬದಿಯ ಕೆಫೆಯಲ್ಲಿ ಲಸಾದ್ ಬಿಸಿ ಗಂಜಿಯ ಬಟ್ಟಲನ್ನು ಅವಳತ್ತ ಸರಿಸಿ, ಗರಿಗರಿ ಬ್ರೆಡ್ಡನ್ನು ತಾನಿಟ್ಟುಕೊಂಡ.

"ಇದು ಮೋಸ!"

"ದಿನಾ ಜೊತೆಗೆ ಕೂತು ಉಣ್ಣೋದಾದ್ರೆ ನಾನೂ ಗಂಜಿ ಕುಡೀತೀನಿ."

ಅಂದ ಮೇಲೆ ಅವನ ಮುಖ ಕಿವಿಯವರೆಗೂ ಕೆಂಪೇರಿತು. ಬ್ರೆಡ್ಡು ಬೆರಳುಗಳ ನಡುವೆ ಪುಡಿಯಾಯಿತು.

"ಉತ್ತರಕ್ಕೆ ಆತುರ ಇಲ್ಲ. ಡಾಕ್ಟರು ದವಡೆಗೆ ಆಯಾಸ ಮಾಡ್ಬೇಡಿ ಅಂದಿದ್ದಾರೆ. ತಲೆ ಆಡಿಸಿದ್ರೂ ಸಾಕು."

ಸೌಸನ್ ಚಮಚ ಕೆಳಗಿಟ್ಟಳು. "ಊಹೂಂ. ಇದನ್ನ ಬಾಯಿಬಿಟ್ಟೇ ಹೇಳ್ಬೇಕು."

ಅವಳು ಕಣ್ಣಲ್ಲೇ ನಕ್ಕು, ಅವನನ್ನು ಇನ್ನೊಂದಿಷ್ಟು ಕಾಯಿಸಿ, ಮೆಲ್ಲಗೆ ಹೇಳಿದಳು:

"ನೀನಂದ್ರೆ ನನಗಿಷ್ಟ, ಲಸಾದ್."